ಮಾತು ಮುಟ್ಟಿಸಿದ ನಾಯಿಗಳು

ಜಾತಿ ನೋಡಿ ನಾಯಿಯ ಗುಣ ಹೇಳುತ್ತೇವೆ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ಯಾವುದು ಕಾವಲಿಗೆ ಒಳ್ಳೆಯದು, ಯಾವುದು ಮಕ್ಕಳ ಜೊತೆ ಹೊಂದಿಕೊಳ್ಳುತ್ತದೆ, ಯಾವುದು ಕಚ್ಚುತ್ತದೆ ಎಂದು ಪಾಠ ಒಪ್ಪಿಸುತ್ತಾರೆ. ಮಾವ-ಸೊಸೆಯ ನಡುವೆ ಮಾತು ಮುಟ್ಟಿಸಲು ಯಾವ ನಾಯಿ ಒಳ್ಳೆಯದು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಬಲ್ಲವಳು ಈ ಭಾಗದಲ್ಲಿ ನಾನೊಬ್ಬಳೇ ಇರಬೇಕು. ಮೂರು ಜಾತಿಯ ನಾಯಿಗಳನ್ನು ಆ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ.

ನನ್ನ ತವರು ಕಲಘಟಗಿ ಕಡೆ, ದೇವಿಕೊಪ್ಪದ ಹತ್ತಿರ. ಅಡವಿಯ ಅಂಚಿಗೆ ಹೊಲ, ಹಂದಿಗಳ ಕಾಟ. ಹಾಗಾಗಿ ಅಪ್ಪ ನಾಲ್ಕೈದು ಕಂತ್ರಿ ನಾಯಿಗಳನ್ನು ಸಾಕಿದ್ದ. ಅವಕ್ಕೆ ಜಾತಿಯೂ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಹಾಕಿದ್ದು ತಿನ್ನುತ್ತಿದ್ದವು, ಬೈದರೆ ಹಿತ್ತಲಿಗೆ ಹೋಗಿ ಐದು ನಿಮಿಷಕ್ಕೆ ತಿರುಗಿ ಬರುತ್ತಿದ್ದವು. ಸಂಜೆ ಅಪ್ಪ ಹೊಲದಿಂದ ಬರುವ ಮೊದಲೇ ಅವು ಓಡಿ ಬಂದು ನನ್ನ ಕಾಲಿಗೆ ಸುತ್ತಿಕೊಳ್ಳುತ್ತಿದ್ದವು. ಅವುಗಳ ಹಿಂದೆಯೇ, ಇನ್ನೂ ಅಂಗಳದ ಆಚೆ ಇರುವಾಗಲೇ ಅಪ್ಪನ ದನಿ: "ಯವ್ವಾ, ಹಸಿವಾಗೇತಿ! ಏನ್ ಮಾಡೀದಿ?"

ಹಸಿವಿದ್ದರೂ ಇಲ್ಲದಿದ್ದರೂ ಅಪ್ಪ ದಿನಾ ಹಾಗೇ ಕೂಗುತ್ತಿದ್ದ. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ತೀರಿಕೊಂಡ. ಆಮೇಲೆ ಅವ್ವ ಹೆಸರು ಹಿಡಿದು ಕರೆದಳು, ಅಣ್ಣಂದಿರು ಹೆಸರು ಹಿಡಿದು ಕರೆದರು. ಯವ್ವಾ ಎಂದು ಯಾರೂ ಕರೆಯಲಿಲ್ಲ.

ಅಣ್ಣಿಗೇರಿಯಿಂದ ಸ್ವಲ್ಪ ದೂರದ ಎರೆಭೂಮಿಯ ಊರಿಗೆ ನನ್ನನ್ನು ಕೊಟ್ಟರು. ಗಂಡ ಅಣ್ಣಿಗೇರಿಯ ಒಂದು ದಲಾಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಮನೆಗೆ. ಮನೆಯಲ್ಲಿ ಅತ್ತೆ, ಮಾವ, ನಾನು. ಅಪ್ಪ ಹೋದ ಮೇಲೆ ಇಲ್ಲಿ ಇನ್ನೊಬ್ಬ ಅಪ್ಪ ಸಿಗುತ್ತಾನೆ ಎಂದು ಒಳಗೊಳಗೇ ಆಸೆ ಇಟ್ಟುಕೊಂಡು ಬಂದವಳು ನಾನು. ಬಂದ ವಾರದಲ್ಲೇ ಅತ್ತೆ ಪಕ್ಕಕ್ಕೆ ಕರೆದು ಹೇಳಿದರು.

"ಅವ್ರ ಮುಂದ ನಿಂತು ಮಾತಾಡಬ್ಯಾಡ ನಮ್ಮವ್ವಾ. ಏನಿದ್ರೂ ನನಗ ಹೇಳು, ನಾ ಮುಟ್ಟಸ್ತೀನಿ."

ಆ ಮನೆಯಲ್ಲಿ ಸೊಸೆ ಮಾವನೊಡನೆ ಮಾತಾಡುವ ಪದ್ಧತಿ ಇರಲಿಲ್ಲ. ಸಿಟ್ಟಿಗಲ್ಲ, ಮರ್ಯಾದೆಗೆ. ಅತ್ತೆಯೂ ತಮ್ಮ ಮಾವನ ಮುಂದೆ ಬಾಯಿ ಬಿಟ್ಟಿರಲಿಲ್ಲವಂತೆ. ನಾನೋ ಮೊದಲೇ ಬಾಯಿಬಡಕಿ. ಮಾವ ಪಡಸಾಲೆಗೆ ಬಂದರೆ ನಾನು ಸೆರಗು ಹೊದ್ದು ಒಳಗೆ ಸರಿಯಬೇಕು. ಬಾಗಿಲ ಸಂದಿಯಲ್ಲಿ ಅವರ ಧೋತರದ ಅಂಚು ಮತ್ತು ಎರಡು ಪಾದ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆ ಪಾದಗಳ ಪಕ್ಕ ಯಾವಾಗಲೂ ಇನ್ನೆರಡು ಉದ್ದನೆಯ ಪಾದ ಇರುತ್ತಿದ್ದವು. ಅವು ಮುಧೋಳ ನಾಯಿಯವು.

ಅದಕ್ಕಿಂತ ಮೊದಲು ನಾನು ಮುಧೋಳ ನಾಯಿಯನ್ನು ಹತ್ತಿರದಿಂದ ನೋಡಿರಲಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿದೆ, ಪಕ್ಕೆಲುಬು ಎಣಿಸಬಹುದು. ಅಯ್ಯೋ ಪಾಪ, ಈ ಮನೆಯವರು ನಾಯಿಯನ್ನು ಉಪವಾಸ ಕೆಡವಿದ್ದಾರಲ್ಲ, ನಾಳೆ ನನ್ನ ಗತಿ ಏನು ಎಂದು ಹೆದರಿದ್ದು ನಿಜ. ಕದ್ದು ಮುಚ್ಚಿ ದಿನಾ ಎರಡು ರೊಟ್ಟಿಗೆ ತುಪ್ಪ ಸವರಿ ಹಾಕಿದೆ. ನಾಲ್ಕನೇ ದಿನಕ್ಕೆ ಅದಕ್ಕೆ ಹೊಟ್ಟೆ ಕೆಟ್ಟಿತು. ಅತ್ತೆ ನಕ್ಕು ನಕ್ಕು ಸುಸ್ತಾದರು. "ಅದರ ಮೈಕಟ್ಟೇ ಹಂಗ ಹುಚ್ಚಿ! ಅದು ಓಡೂ ನಾಯಿ. ದಪ್ಪಾದ್ರ ಹೆಂಗ ಓಡಬೇಕು?"

ನಿಜಕ್ಕೂ ಅದು ಓಡುವುದನ್ನು ನೋಡಬೇಕು. ಕಡಲೆ ಹೊಲಕ್ಕೆ ಜಿಂಕೆ, ನಮ್ಮ ಕಡೆಯ ಮಾತಿನಲ್ಲಿ ಚಿಗರಿ, ಬಂದರೆ ಮಾವ ಒಂದು ಸಿಳ್ಳೆ ಹಾಕುತ್ತಿದ್ದರು. ಅದು ಹೊಲದ ಗಡಿಯವರೆಗೆ ಅಟ್ಟಿಕೊಂಡು ಹೋಗಿ, ಇನ್ನೊಂದು ಸಿಳ್ಳೆಗೆ ಅಲ್ಲೇ ನಿಂತು ತಿರುಗುತ್ತಿತ್ತು. ಒಂದು ಚಿಗರಿಯನ್ನೂ ಮುಟ್ಟಲಿಲ್ಲ. ಮನೆಗೆ ಬಂದರೆ ಗಪ್‌ಚಿಪ್. ಬೊಗಳುವುದು ಅಪರೂಪ, ಬಾಲ ಆಡಿಸುವುದು ಅದಕ್ಕಿಂತ ಅಪರೂಪ. ಮೈ ಮುಟ್ಟಲು ಹೋದರೆ ಕಚ್ಚುತ್ತಿರಲಿಲ್ಲ, ಎದ್ದು ಎರಡು ಹೆಜ್ಜೆ ದೂರ ಹೋಗಿ ಕೂರುತ್ತಿತ್ತು. ಅದಕ್ಕೇ ಮಾವ ಅದನ್ನು ಸಾಹೇಬ್ರು ಎನ್ನುತ್ತಿದ್ದರು. ನನಗೆ ನಾಯಿಯ ಮೇಲೂ ಮಾವನ ಮೇಲೂ ಒಂದೇ ಸಿಟ್ಟು ಬರುತ್ತಿತ್ತು. ಇಬ್ಬರೂ ಒಂದೇ ಜಾತಿ ಎಂದುಕೊಂಡೆ.

ಮದುವೆಯಾದ ಎರಡನೇ ವರ್ಷ ಅತ್ತೆ ತೀರಿಕೊಂಡರು. ದಿನಗಳೆಲ್ಲ ಮುಗಿದು ಬೀಗರು ಬಿಜ್ಜರು ತಮ್ಮ ಊರಿಗೆ ಹೋದರು. ಮರುದಿನ ಗಂಡನೂ ಅಂಗಡಿಗೆ ಹೋದರು. ಮನೆಯಲ್ಲಿ ಉಳಿದವರು ಮಾವ ಮತ್ತು ನಾನು. ನಡುವೆ ಮಾತು ಮುಟ್ಟಿಸುವ ಜೀವವೇ ಇಲ್ಲ. ನಾನು ಒಲೆ ಮುಂದೆ ಕೂತಿದ್ದೆ. ಅವರು ಹೊರಗೆ ಕಟ್ಟೆಯ ಮೇಲೆ. ಒಮ್ಮೆ ಕೆಮ್ಮಿದರು, ಮತ್ತೊಮ್ಮೆ ಕೆಮ್ಮಿದರು. ಎಷ್ಟೋ ಹೊತ್ತಾದ ಮೇಲೆ ಅವರ ದನಿ ಕೇಳಿತು.

"ಸಾಹೇಬ್ರ, ಒಳಗಿನವ್ರಿಗೆ ಕೇಳ್ರಿ. ಚಹಾ ಆತೇನಂತ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಾಗಿಲ ಹಿಂದೆ ಬಂದು ನಿಂತು, ನಾಯಿಯ ಕಡೆ ನೋಡಿ ಹೇಳಿದೆ: "ಆತ್ರಿ ಸಾಹೇಬ್ರ. ಒಂದ್ ನಿಮಿಷ ತಡೀಬೇಕಂತ ಹೊರಗಿನವ್ರಿಗೆ ಹೇಳ್ರಿ."

ಸಾಹೇಬ್ರು ನನ್ನನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ. ಹೊಸ್ತಿಲ ಪಕ್ಕ ಕೂತು ದೂರದ ಹೊಲ ನೋಡುತ್ತಿದ್ದರು.

ಅಂದಿನಿಂದ ಅದೇ ನಡೆಯಿತು. ಮೊದಮೊದಲು ಚಹಾ, ರೊಟ್ಟಿ, ಬಿಸಿನೀರು ಇಷ್ಟೇ. ಬರಬರುತ್ತ ಮಾತು ಬೆಳೆಯಿತು. "ಸಾಹೇಬ್ರ, ಇವತ್ತಿನ ಪಲ್ಯಾಕ ಉಪ್ಪು ಹಾಕೂದು ಮರತಾರೇನು?" ಎಂದು ಅವರು ಕೇಳಿದರೆ, "ಸಾಹೇಬ್ರ, ಉಪ್ಪು ಕಡಿಮಿ ತಿನ್ನಬೇಕಂತ ಡಾಕ್ಟರು ಯಾರಿಗೆ ಹೇಳ್ಯಾರಂತ ಕೇಳ್ರಿ" ಎಂದು ನಾನು. ಹೊಲದ ಸುದ್ದಿ, ಊರ ಸುದ್ದಿ, ಅತ್ತೆಯ ಹಳೆಯ ಮಾತು ಎಲ್ಲ ಸಾಹೇಬ್ರ ಕಿವಿಗೆ ಬಿದ್ದೇ ನನ್ನ ಕಿವಿಗೆ ಬರುತ್ತಿದ್ದವು. ಜಗಳವನ್ನೂ ಅವರ ಮೂಲಕವೇ ಆಡಿದ್ದೇವೆ, ಧೈರ್ಯವನ್ನೂ ಅವರ ಮೂಲಕವೇ ಹೇಳಿಕೊಂಡಿದ್ದೇವೆ. ನಾನು ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟು ಊರವರ ಜಂಪರು ಹೊಲಿಯಲು ಶುರು ಮಾಡಿದಾಗ ಓಣಿಯಲ್ಲಿ ಒಬ್ಬರು ಹಗುರಾಗಿ ಮಾತಾಡಿದರಂತೆ. ಮಾವ ಕಟ್ಟೆಯ ಮೇಲೆ ಕೂತು ಜೋರಾಗಿ ನಾಯಿಗೆ ಹೇಳಿದರು: "ಸಾಹೇಬ್ರ, ಮಂದಿ ಮಾತು ಕಿವ್ಯಾಗ ಹಾಕ್ಕೋಬ್ಯಾಡ ಅಂತ ಒಳಗಿನವ್ರಿಗೆ ಹೇಳ್ರಿ. ಮಷೀನು ನಿಲ್ಲಬಾರದು." ನಾನು ಮಷೀನಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ.

ಮುಧೋಳ ನಾಯಿಗೆ ಪ್ರೀತಿ ಗೊತ್ತಿಲ್ಲ ಎನ್ನುತ್ತಾರೆ. ಸುಳ್ಳು. ಅದಕ್ಕೆ ತೋರಿಸಿಕೊಳ್ಳಲು ಬರುವುದಿಲ್ಲ, ಅಷ್ಟೇ. ನಾನು ಬಸುರಿಯಾಗಿ, ಐದು ತಿಂಗಳಿಗೆ ಕೂಸು ಉಳಿಯದೆ ಹೋದಾಗ, ಆರು ದಿನ ಹಾಸಿಗೆ ಹಿಡಿದಿದ್ದೆ. ಆ ಆರು ದಿನವೂ ನಾಯಿ ನನ್ನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಮಲಗಿತ್ತು. ಒಮ್ಮೆಯೂ ತಿರುಗಿ ನೋಡಲಿಲ್ಲ, ಹತ್ತಿರ ಬರಲಿಲ್ಲ. ಹೊಲಕ್ಕೂ ಹೋಗಲಿಲ್ಲ. ಅದರಾಚೆ ಕಟ್ಟೆಯ ಮೇಲೆ ಮಾವನೂ ನನ್ನ ಬಾಗಿಲಿಗೆ ಬೆನ್ನು ಕೊಟ್ಟೇ ಕೂತಿದ್ದರು.

ಸಾಹೇಬ್ರಿಗೆ ವಯಸ್ಸಾಯಿತು. ಒಂದು ಬೇಸಿಗೆ ಕಟ್ಟೆಯ ಕೆಳಗಿನ ನೆರಳಲ್ಲಿ ಮಲಗಿದವರು ಏಳಲಿಲ್ಲ. ಮಾವನೇ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಕೆಮ್ಮಿದರು. ನಾನು ಬಾಗಿಲ ಹಿಂದೆ ಬಂದು ನಿಂತೆ. ಅವರು ಏನೋ ಹೇಳಬೇಕೆಂದಿದ್ದರು, ನನಗೂ ಹೇಳುವುದಿತ್ತು. ಹೊಸ್ತಿಲ ಪಕ್ಕ ಸಾಹೇಬ್ರು ಕೂರುತ್ತಿದ್ದ ಗೋಣಿಚೀಲ ಖಾಲಿ. ಇಬ್ಬರೂ ಸುಮ್ಮನಾದೆವು. ಆ ಸುಮ್ಮನಿರುವಿಕೆ ಮಳೆಗಾಲ ಮುಗಿಯುವವರೆಗೂ ನಡೆಯಿತು. ಒಂದು ಕೆಮ್ಮು ಎಂದರೆ ಚಹಾ, ಕೋಲು ಕುಟ್ಟಿದರೆ ಊಟ. ಮನೆ ತುಂಬ ನನ್ನ ಮಷೀನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ರಾತ್ರಿ ಗಂಡನ ಮುಂದೆ ಕೂಗಾಡಿದೆ: "ನಿಮ್ಮ ಅಪ್ಪಾರು ನನ್ನ ಜೋಡಿ ಒಂದ್ ಮಾತು ಆಡಿದ್ರ ಅವ್ರ ಗಂಟೇನು ಹೋಗ್ತೈತಿ?" ಅವರು ನಕ್ಕರು. "ಮಾತು ಆಡಸಬೇಕಂದ್ರ ನಾಯಿ ತರಬೇಕು" ಎಂದರು.

ತಂದೇಬಿಟ್ಟರು. ಹುಬ್ಬಳ್ಳಿಯ ಗೆಳೆಯನೊಬ್ಬನಿಗೆ ವರ್ಗವಾಗಿತ್ತು, ಅವನ ಪಾಮೇರಿಯನ್ ನಮ್ಮ ಮನೆಗೆ ಬಂತು. ಬೆಳ್ಳಗೆ, ಗುಂಡಗೆ, ಅಂಗೈ ಅಗಲದ ಮುಖ. ಮಾವ ಕಟ್ಟೆಯಿಂದ ನೋಡಿ, "ಹತ್ತಿ ಅಂಡಗಿ ಬಿಚ್ಚಿದಂಗ ಐತಲ್ಲೋ" ಎಂದು ಮಗನಿಗೆ ಹೇಳಿದರು. ಹತ್ತಿಯ ಮೂಟೆಗೆ ಹೋಲಿಸಿದ್ದೇ ಅದಕ್ಕೆ ಹತ್ತಿ ಎಂದು ಹೆಸರಾಯಿತು. ಚೆಂದವೇನೋ ಚೆಂದವೇ. ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಮಾವ "ಏ ಹತ್ತಿ, ಒಳಗಿನವ್ರಿಗೆ ಹೇಳು" ಎನ್ನುವಷ್ಟರಲ್ಲಿ ವೌ ವೌ ವೌ. ನನಗೆ ಅರ್ಧ ಮಾತೂ ಕೇಳುತ್ತಿರಲಿಲ್ಲ. ಅದು ನನ್ನನ್ನೇ ಹಚ್ಚಿಕೊಂಡಿತ್ತು. ಬೇರೆ ಯಾರೂ ನನ್ನ ಜೊತೆ ಮಾತಾಡಬಾರದು, ಜಂಪರು ಅಳತೆ ಕೊಡಲು ಬಂದವರೂ ನನ್ನನ್ನು ಮುಟ್ಟಬಾರದು. ನಾನು ಹೊಲಿಯುವಾಗ ಕಾಲ ಮೇಲೆ ಬಂದು ಮಲಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಅದು ಹಿತವಾಗಿತ್ತು. ಒಂದು ಜೀವಕ್ಕಾದರೂ ನಾನು ಬೇಕಲ್ಲ ಎನಿಸುತ್ತಿತ್ತು. ಒಂದು ದಿನ ಮಾವ ನನ್ನನ್ನು ಬೈದು ಮಾತಾಡಿದರೆಂದು ಅವರ ಧೋತರ ಹಿಡಿದು ಜಗ್ಗಿ ಹರಿದೇಬಿಟ್ಟಿತು.

"ಹತ್ತಿ, ನಿನ್ನ ಪಾರ್ಟಿ ಯಾವುದಂತ ಗೊತ್ತಾತು ಬಿಡು" ಎಂದರು ಮಾವ. ಒಳಗೆ ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಆದರೆ ಏಪ್ರಿಲ್ ಬಂತು, ಎರೆಭೂಮಿಯ ಬಿಸಿಲು ಅದಕ್ಕೆ ತಡೆಯಲಿಲ್ಲ. ಒದ್ದೆ ಗೋಣಿಚೀಲದ ಮೇಲೆ ಮಲಗಿ ನಾಲಗೆ ಹೊರಗೆ ಹಾಕಿ ನನ್ನನ್ನೇ ನೋಡುತ್ತಿತ್ತು. ಕುಬಿಹಾಳಕ್ಕೆ ಕೊಟ್ಟ ನಾದಿನಿಯ ಮನೆ ಗಿಡಗಳ ನೆರಳಲ್ಲಿ ತಣ್ಣಗಿದೆ. ಅಲ್ಲಿಗೆ ಕಳಿಸಿದೆವು. ಈಗಲೂ ನಾನು ಹೋದರೆ ನಾದಿನಿಯನ್ನು ನನ್ನ ಹತ್ತಿರ ಬಿಡುವುದಿಲ್ಲ.

ಆಮೇಲೆ ಬಂದದ್ದು ಲ್ಯಾಬ್ರಡಾರ್, ದಲಾಲಿ ಅಂಗಡಿಯ ಮಾಲೀಕರ ಮನೆಯ ಮರಿ. ಅದರ ಗುಣ ಎರಡೇ ಮಾತಿನಲ್ಲಿ ಮುಗಿಯುತ್ತದೆ: ಎಲ್ಲರೂ ಬೇಕು, ಎಲ್ಲವೂ ಬೇಕು. ಪೋಸ್ಟಿನವನು ಬಂದರೂ ಕುಣಿತ, ಬೋರಿನ ಮೋಟಾರು ಕದಿಯಲು ಬಂದವನಿಗೂ ಕುಣಿತ ಮಾಡುವ ಜಾತಿ. ಸಾಬೂನು ತಿಂದಿದೆ, ನನ್ನ ಅಳತೆಯ ಟೇಪು ತಿಂದಿದೆ. ಮಾವ ಅದನ್ನು ಹೊಟ್ಟೆಪ್ಪ ಎಂದು ಕರೆದರು. ಆದರೆ ಮಾತು ಮುಟ್ಟಿಸುವುದರಲ್ಲಿ ಅದಕ್ಕೆ ಸರಿಸಾಟಿಯಿಲ್ಲ. "ಹೊಟ್ಟೆಪ್ಪಾ, ಒಳಗಿನವ್ರಿಗೆ ಹೇಳು" ಎಂದರೆ ಸಾಕು, ಎದ್ದು ನಿಜವಾಗಿಯೂ ಒಳಗೆ ನನ್ನ ಹತ್ತಿರ ಬರುತ್ತಿತ್ತು. ನಾನು ಉತ್ತರ ಹೇಳಿದರೆ ಹೊರಗೆ ಹೋಗಿ ಅವರ ತೊಡೆಯ ಮೇಲೆ ತಲೆ ಇಡುತ್ತಿತ್ತು. ಎರಡೂ ಕಡೆ ಏನಾದರೂ ತಿನ್ನಲು ಸಿಗುತ್ತದಲ್ಲ! ಸಾಹೇಬ್ರ ಮೈ ಎಂದೂ ಸವರದ ಮಾವ ಇದರ ಕಿವಿ ಹಿಂಡುತ್ತ ನಗುತ್ತಿದ್ದರು. ಅವರು ನಗುವುದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅದನ್ನು ನೋಡಿ ಸಂತೋಷವೂ ಆಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ನಾಯಿಗೆ ಇಷ್ಟು ಸಲುಗೆ, ಹನ್ನೊಂದು ವರ್ಷ ಅಡಿಗೆ ಮಾಡಿ ಹಾಕಿದ ನನಗೆ ಒಂದು ಮಾತಿಲ್ಲ.

ಹೋದ ವರ್ಷ ಎಳ್ಳ ಅಮಾವಾಸ್ಯೆಯ ಮರುದಿನ. ಹೊಲಕ್ಕೆ ಒಯ್ದು ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ ಬಂದ ಮೇಲೂ ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಉಳಿದಿದ್ದವು. ಬೆಳಿಗ್ಗೆ ಮಾವ ಕಟ್ಟೆಯಿಂದ ಕೇಳಿದರು: "ಹೊಟ್ಟೆಪ್ಪಾ, ಒಂದ್ ಹೋಳಿಗಿ ಕೊಡ್ತಾರೇನು ಕೇಳು."

ಮಾವನಿಗೆ ಆಗಲೇ ಸಕ್ಕರೆ ಕಾಯಿಲೆ. ಹಿಂದಿನ ದಿನ ಹೊಲದಲ್ಲಿ ಎಲ್ಲರ ಕಣ್ಣು ತಪ್ಪಿಸಿ ಮೂರು ತಿಂದದ್ದು ನನಗೆ ಗೊತ್ತಿತ್ತು. "ಇಲ್ಲಂತ ಹೇಳು. ಗುಳಿಗಿ ನುಂಗಿ, ರೊಟ್ಟಿ ತಿನ್ನಬೇಕಂತ ಹೇಳು" ಎಂದು ತಾಟಿನಲ್ಲಿ ರೊಟ್ಟಿ ಪಲ್ಯ ಇಟ್ಟು ಸರಿದೆ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಬುಟ್ಟಿ ಉರುಳಿದ ಸದ್ದು. ಹೋಗಿ ನೋಡಿದರೆ ಹೊಟ್ಟೆಪ್ಪ ಎಲ್ಲ ಹೋಳಿಗೆ ಮುಗಿಸಿ, ಕೊನೆಯದನ್ನು ಬಾಯಲ್ಲಿ ಹಿಡಿದು, ಬಾಲ ಆಡಿಸುತ್ತ ಹೊರಗೆ ಮಾವನ ಮುಂದೆಯೇ ಹೋಗಿ ನಿಂತಿತು. ಮಾವ ಅದನ್ನು ನೋಡಿದರು. ಗುಳಿಗೆಯನ್ನಂತೂ ನುಂಗಿದರು. ರೊಟ್ಟಿಯ ತಾಟನ್ನು ಮುಟ್ಟದೆ ದೂರ ಸರಿಸಿದರು.

"ನಾಯಿಗೆ ಹೋಳಿಗಿ ಐತಿ. ನನಗಿಲ್ಲ."

ನಾನೇ ನಾಯಿಗೆ ಹಾಕಿದೆ ಎಂದುಕೊಂಡರು. ಹಾಗಲ್ಲ ಎಂಬ ಮಾತು ಬಾಯಿಗೆ ಬಂತು. ಆದರೆ ನನಗೂ ಸಿಟ್ಟು. ಇಷ್ಟು ವರ್ಷಕ್ಕೆ ಇಷ್ಟೇ ನಂಬಿಕೆಯೇ? ಬಿಡಲಿ, ಹಸಿದರೆ ತಾವೇ ತಿನ್ನುತ್ತಾರೆ ಎಂದು ಮಷೀನಿಗೆ ಕೂತೆ. ಅರ್ಧ ತಾಸಿನಲ್ಲಿ ಹೊಟ್ಟೆಪ್ಪ ವಾಂತಿ ಮಾಡಿಕೊಂಡು ಒದ್ದಾಡತೊಡಗಿತು. ಗಂಡ ಅಂಗಡಿಗೆ ಹೊರಟಿದ್ದವರು ಅದನ್ನು ಆಟೋದಲ್ಲಿ ಹಾಕಿಕೊಂಡು ಅಣ್ಣಿಗೇರಿಯ ದನದ ದವಾಖಾನೆಗೆ ಹೋದರು.

ಮನೆಯಲ್ಲಿ ಮತ್ತೆ ನಾವಿಬ್ಬರೇ. ನಡುವೆ ಖಾಲಿ ಗೋಣಿಚೀಲ. ಹನ್ನೊಂದರ ಸುಮಾರಿಗೆ ಕೆಮ್ಮು ಕೇಳಿತು. ಮುನಿಸಿನ ಕೆಮ್ಮು ಎಂದುಕೊಂಡೆ. ಆಮೇಲೆ ಕೋಲಿನ ಸದ್ದು. ತಾಟು ಮುಂದೆಯೇ ಇದೆಯಲ್ಲ ಎಂದುಕೊಂಡೆ. ಮಷೀನು ಇನ್ನೂ ಜೋರಾಗಿ ತುಳಿದೆ. ಆಮೇಲೆ ಏನೂ ಕೇಳಲಿಲ್ಲ. ದಾರ ತುಂಡಾಯಿತು. ಪೋಣಿಸಲು ಮಷೀನು ನಿಲ್ಲಿಸಿದಾಗ ಹೊರಗಿನಿಂದ ಗೊಣಗುಟ್ಟಿದ ಹಾಗೆ ದನಿ ಬಂತು. ಯಾರು ಬಂದರಪ್ಪ ಎಂದು ಬಾಗಿಲ ಸಂದಿಯಿಂದ ನೋಡಿದೆ.

ಯಾರೂ ಬಂದಿರಲಿಲ್ಲ. ಮಾವ ಗೋಡೆಗೆ ಒರಗಿ ಅರ್ಧ ಜಾರಿದ್ದರು. ಅಂಗಿ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಕೈ ನಡುಗುತ್ತಿತ್ತು. ಖಾಲಿ ಗೋಣಿಚೀಲ ನೋಡುತ್ತ ಅವರು ಹೇಳುತ್ತಿದ್ದರು.

"ಒಳಗಿನವ್ರಿಗೆ ಹೇಳೋ... ಕಣ್ಣು ಕಾಣವಲ್ವು ಅಂತ ಹೇಳೋ..."

ನಾಯಿ ಇಲ್ಲ ಎಂಬುದೂ ಅವರಿಗೆ ತಿಳಿಯುತ್ತಿರಲಿಲ್ಲ. ಎಷ್ಟು ಹೊತ್ತಿನಿಂದ ಆ ಚೀಲಕ್ಕೆ ಹೇಳುತ್ತಿದ್ದರೋ ದೇವರೇ ಬಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿ ಸಿಟ್ಟಿನಿಂದ ಮಷೀನು ತುಳಿಯುತ್ತಿದ್ದೆ.

ಹೊಸ್ತಿಲು ದಾಟಿದ್ದು, ಸೆರಗು ಜಾರಿದ್ದು ಒಂದೂ ನೆನಪಿಲ್ಲ. "ಮಾವಾರ! ಮಾವಾರ, ಇಲ್ಲಿ ನೋಡ್ರಿ! ನನ್ನ ಮಾರಿ ನೋಡ್ರಿ!" ಎಂದು ಕಿರುಚಿದ್ದು ಮಾತ್ರ ನೆನಪಿದೆ. ಗುಳಿಗೆ ನುಂಗಿ ಊಟ ಬಿಟ್ಟರೆ ಮೈಯ ಸಕ್ಕರೆ ಇಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದು ನೆನಪಾಗಿ, ಒಳಗೆ ಓಡಿ ನೀರಿಗೆ ಬೆಲ್ಲ ಕದಡಿ ತಂದೆ. ಎಬ್ಬಿಸಿ ಕೂರಿಸಿ ಭುಜಕ್ಕೆ ಒರಗಿಸಿಕೊಂಡೆ. ಅದನ್ನು ಚಮಚದಲ್ಲಿ ಗುಟುಕು ಗುಟುಕಾಗಿ ಹಾಕಿದೆ. ಅವರ ತಲೆ ಎಷ್ಟು ಹಗುರವಾಗಿತ್ತು! ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ಮುಖ ಅಷ್ಟು ಹತ್ತಿರದಿಂದ ನೋಡಿದೆ. ಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿದೆ ಎಂಬುದೂ ನನಗೆ ಗೊತ್ತಿರಲಿಲ್ಲ. "ನಾ ಹಾಕಲಿಲ್ರಿ ಮಾವಾರ, ಅದು ತಾನ ಕದ್ದು ತಿಂತ್ರಿ" ಎಂದು ಅಳುತ್ತ ಅದೊಂದನ್ನೇ ಹೇಳುತ್ತಿದ್ದೆ. ನನ್ನ ಕೂಗಿಗೆ ಬಾಜು ಮನೆಯವರು ಓಡಿ ಬಂದು ಡಾಕ್ಟರಿಗೆ ಫೋನು ಮಾಡಿದರು. ಡಾಕ್ಟರು ಬಂದು ಸೂಜಿ ಚುಚ್ಚಿ, ನನ್ನನ್ನು ಬೈದು, ಅವರನ್ನು ಅದಕ್ಕಿಂತ ಹೆಚ್ಚು ಬೈದು ಹೋದರು.

ಸಂಜೆ ಗಂಡ ನಾಯಿಯನ್ನು ಕರೆದುಕೊಂಡು ಬಂದರು. ಹೊಟ್ಟೆಪ್ಪ ಎಲ್ಲ ಮರೆತು ಮೊದಲಿನಂತೆಯೇ ಬಾಲ ಆಡಿಸುತ್ತ ಹೋಗಿ ಮಾವನ ತೊಡೆಯ ಮೇಲೆ ತಲೆ ಇಟ್ಟಿತು. ನಾನು ಮತ್ತೆ ಬಾಗಿಲ ಹಿಂದೆ ನಿಂತಿದ್ದೆ. ಮಧ್ಯಾಹ್ನ ಮಾತಾಡಿದ್ದಕ್ಕೆ, ಮುಟ್ಟಿದ್ದಕ್ಕೆ ಏನು ಹೇಳುತ್ತಾರೋ ಎಂದು ಕಾಯುತ್ತಿದ್ದೆ. ಮಾವ ಅದರ ಕಿವಿ ಸವರಿದರು. ಎಂದಿನಂತೆ ಶುರು ಮಾಡಿದರು.

"ಹೊಟ್ಟೆಪ್ಪಾ, ಒಳಗಿನವ್ರಿಗೆ..."

ಅಷ್ಟಕ್ಕೇ ನಿಲ್ಲಿಸಿದರು. ನಾಯಿ ಆಗಲೇ ಎದ್ದು ನನ್ನ ಕಡೆ ಹೊರಟಿತ್ತು. ಅದರ ಕೊರಳ ಪಟ್ಟಿ ಹಿಡಿದು ಕೂರಿಸಿದರು. "ನೀ ಕುಂದರೋ" ಎಂದರು. ತಲೆ ಎತ್ತಿ ಬಾಗಿಲ ಕಡೆ, ಸಂದಿಯಲ್ಲಿ ನನ್ನ ಮುಖ ಇರುವ ಕಡೆಗೇ ನೋಡಿದರು.

"ಯವ್ವಾ, ಹಸಿವಾಗೇತಿ."

ಹಳೆಯ ರೂಢಿಯಂತೆ ನಾಯಿಯ ಕಡೆ ತಿರುಗಿ ಹೇಳಿದೆ: "ತರ್ತಾಳಂತ ಹೇಳು. ಬಿಸಿ ರೊಟ್ಟಿ ಮಾಡಿ ತರ್ತಾಳಂತ ಹೇಳು."

"ಅದಕ್ಕ್ಯಾಕ ಹೇಳ್ತಿ?" ಎಂದರು ಮಾವ. "ನಾ ಇಲ್ಲೇ ಅದೀನಲ್ಲ."